ರಿಯಾಯಿತಿ ಚೀಟಿ ಮತ್ತು ಮಳೆಗಾಲದ ಪಟ್ಟಿ

ಮಲೆನಾಡಿನ ತಾಲೂಕು ಕೇಂದ್ರಗಳಲ್ಲಿ ದಿನಪತ್ರಿಕೆಯನ್ನು ಬಿಡಿಸಿದೊಡನೆ ಅದರೊಳಗಿಂದ ನುಣುಪು ಕಾಗದದ ಕರಪತ್ರವೊಂದು ಜಾರಿ ಬೀಳುವುದು ಈಗ ಸಾಮಾನ್ಯ ಸಂಗತಿ. ಎರಡು ಕೊಂಡರೆ ಒಂದು ಉಚಿತ; ಇಂತಿಷ್ಟು ರೂಪಾಯಿಯ ದಿನಸಿ ಕೊಂಡರೆ ಇಂತಿಷ್ಟು ವಿನಾಯಿತಿ; ಈ ಭಾನುವಾರದವರೆಗೆ ಮಾತ್ರ. ಅಂಚಿನಲ್ಲಿ ಚುಕ್ಕೆಗಳ ಗೆರೆ, ಗೆರೆಯ ತುದಿಯಲ್ಲಿ ಒಂದು ಕತ್ತರಿಯ ಚಿತ್ರ. ಕಾಗದದ ಚೀಟಿ ತಲುಪದ ಊರುಗಳಿಗೆ ಅದೇ ಆಮಂತ್ರಣ ಮೊಬೈಲಿನ ಪರದೆಯ ಮೇಲೆ ಬಂದಿಳಿಯುತ್ತದೆ. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಹಳ್ಳಿಗಳಲ್ಲಿಯೂ ರಿಯಾಯಿತಿಯ ಸಂದೇಶವೊಂದು ಹೇಗೋ ದಾರಿ ಮಾಡಿಕೊಂಡು ಬರುತ್ತದೆ.

ಈ ಚೀಟಿಗಳನ್ನು ಜೋಪಾನವಾಗಿ ಕತ್ತರಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳುವ ಗೃಹಿಣಿಯನ್ನು ಕಂಡು ನಗುವುದು ಸುಲಭ. ಆದರೆ ಆಕೆಯ ಕೈಯಲ್ಲಿರುವ ಲೆಕ್ಕ ನಗುವಂಥದ್ದಲ್ಲ. ಅಡಿಕೆ ತೋಟಗಳಿಗೆ ಎಲೆಚುಕ್ಕೆ ರೋಗ ವ್ಯಾಪಿಸಿದ ಮೇಲೆ ಅನೇಕ ಗ್ರಾಮಗಳಲ್ಲಿ ಫಸಲು ಕುಸಿದಿದೆ. ಕೊಳೆರೋಗ ಹಳೆಯ ಶತ್ರು. ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ. ಮಂಗ ಮತ್ತು ಕಾಡುಹಂದಿಗಳ ಹಾವಳಿಯಿಂದ ಹಿತ್ತಿಲ ತರಕಾರಿಯ ಆಸೆಯನ್ನೇ ಬಿಟ್ಟ ಮನೆಗಳಿವೆ. ಗದ್ದೆಗಳು ತೋಟವಾದಂತೆಲ್ಲ ಅನ್ನದ ಅಕ್ಕಿಯೂ ಅಂಗಡಿಯಿಂದಲೇ ಬರತೊಡಗಿತು. ಒಂದು ಕಾಲಕ್ಕೆ ಉಪ್ಪು, ಸೀಮೆಎಣ್ಣೆ, ಸಕ್ಕರೆ, ಬೇಳೆ ಎಂದು ನಾಲ್ಕಾರು ಪದಾರ್ಥಗಳಿಗೆ ಮಾತ್ರ ಸಂತೆಯನ್ನು ನೆಚ್ಚಿದ್ದ ಅಡುಗೆಮನೆ ಇಂದು ಬಹುಪಾಲು ಎಲ್ಲಕ್ಕೂ ಪೇಟೆಯ ಕಡೆ ಮುಖ ಮಾಡಿದೆ. ಹೀಗಿರುವಾಗ ದಿನಸಿಯ ಖರ್ಚಿನಲ್ಲಿ ನೂರು ರೂಪಾಯಿ ಉಳಿಸುವ ದಾರಿ ಯಾವುದು ಎಂಬುದು ಗಂಭೀರವಾದ ಪ್ರಶ್ನೆಯೇ ಸರಿ. ಆ ದಾರಿ ಕೂಪನ್ನಿನದೋ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಕೂಪನ್ ಎಂಬ ಮಾತು ಕನ್ನಡ ನಾಡಿನ ಹಳ್ಳಿಗರಿಗೆ ಮೊದಲು ಪರಿಚಿತವಾದದ್ದು ಪಡಿತರದ ಸಂದರ್ಭದಲ್ಲಿ. 2016ರಲ್ಲಿ ರಾಜ್ಯದಲ್ಲಿ ಬೆರಳಚ್ಚು ಕೊಟ್ಟು ಕೂಪನ್ ಪಡೆದು ಪಡಿತರ ತರುವ ಏರ್ಪಾಡು ಕೆಲಕಾಲ ನಡೆದಿದ್ದನ್ನು ಅನೇಕರು ಮರೆತಿರಲಾರರು. ಆ ಕೂಪನ್ನಿಗೂ ಸೂಪರ್ ಮಾರ್ಕೆಟ್ಟಿನ ಚೀಟಿಗೂ ಹೆಸರಿನಲ್ಲಷ್ಟೇ ಸಾಮ್ಯ. ಮೊದಲನೆಯದು ಮನೆಗೆ ಎಷ್ಟು ಬೇಕೆಂಬುದನ್ನು ಗೊತ್ತುಮಾಡಿ ಅದನ್ನು ಪಡೆಯುವ ಹಕ್ಕನ್ನು ಕೊಡುತ್ತದೆ. ಎರಡನೆಯದು ಮಾರುವವನಿಗೆ ಏನನ್ನು ಸಾಗಿಸಬೇಕಾಗಿದೆ ಎಂಬುದನ್ನು ಹೇಳುತ್ತದೆ.

ಅಂಗಡಿಯ ಕೂಪನ್ನಿನ ತವರು ಅಮೆರಿಕ. 1887ರಲ್ಲಿ ಅಟ್ಲಾಂಟಾ ನಗರದಲ್ಲಿ ಕೋಕಾ ಕೋಲಾ ಪಾನೀಯವನ್ನು ಜನರ ನಾಲಿಗೆಗೆ ರೂಢಿಸಲು ಒಂದು ಲೋಟ ಉಚಿತವೆಂಬ ಚೀಟಿಗಳನ್ನು ಹಂಚಲಾಯಿತು. ಕೂಪನ್ನಿನ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಎಣಿಸುತ್ತಾರೆ. ಬಾಯಾರಿಕೆಗೆ ನೀರಿದ್ದ ಊರಿನಲ್ಲಿ ಇನ್ನೊಂದು ಪೇಯದ ಅಗತ್ಯವನ್ನು ಹುಟ್ಟಿಸಿದ್ದೇ ಆ ಮೊದಲ ಚೀಟಿಯ ಸಾಧನೆ ಎಂಬುದನ್ನು ಗಮನಿಸಬೇಕು. ಅದೇ ಶತಮಾನದ ಕೊನೆಯಲ್ಲಿ ಸಿ. ಡಬ್ಲ್ಯು. ಪೋಸ್ಟ್ ಎಂಬ ಉದ್ಯಮಿ ತನ್ನ ಧಾನ್ಯದ ತಿನಿಸಿಗೆ ಒಂದು ಸೆಂಟಿನ ವಿನಾಯಿತಿ ಚೀಟಿ ಹೊರಡಿಸಿದ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಕುಟುಂಬಗಳು ಈ ಚೀಟಿಗಳನ್ನು ನಿಜವಾದ ಆಸರೆಯಾಗಿ ಹಿಡಿದುಕೊಂಡವು. 1957ರ ಹೊತ್ತಿಗೆ ಅಂಗಡಿಗಳಿಂದ ಮರಳುವ ಚೀಟಿಗಳನ್ನು ಎಣಿಸುವುದೇ ಒಂದು ಪ್ರತ್ಯೇಕ ಉದ್ಯಮವಾಗಿ, ನೀಲ್ಸನ್ ಸಂಸ್ಥೆ ಅದಕ್ಕೆಂದೇ ಕೇಂದ್ರವೊಂದನ್ನು ತೆರೆಯಿತು.

ಆ ದೇಶದಲ್ಲಿ ಕೂಪನ್ ಬಳಕೆ ತುತ್ತತುದಿ ಮುಟ್ಟಿದ್ದು 1992ರಲ್ಲಿ. ಆ ಒಂದೇ ವರ್ಷ ಹಂಚಿಕೆಯಾದ ಚೀಟಿಗಳು 30,000 ಕೋಟಿಗೂ ಅಧಿಕ. ಅವುಗಳಲ್ಲಿ ಅಂಗಡಿಗೆ ಮರಳಿ ಬಂದು ಯಾರದೋ ಮನೆಗೆ ಉಳಿತಾಯ ತಂದವು ನೂರಕ್ಕೆ ಮೂರಕ್ಕಿಂತ ಕಡಿಮೆ. ಉಳಿದ ತೊಂಬತ್ತೇಳು ಪಾಲು ಎಲ್ಲೋ ಬೆಳೆದ ಮರ, ಎಲ್ಲೋ ಹರಿದ ನೀರು, ಎಲ್ಲೋ ಉರಿದ ಕಲ್ಲಿದ್ದಲಿನಿಂದ ಕಾಗದವಾಗಿ ಹುಟ್ಟಿ ಅದೇ ವಾರ ಕಸವಾಯಿತು. ಚೀಟಿ ಅಚ್ಚು ಹಾಕುವ, ಹಂಚುವ, ಎಣಿಸುವ ವೆಚ್ಚವನ್ನು ಕಂಪನಿ ತನ್ನ ಗಂಟಿನಿಂದ ಭರಿಸುವುದಿಲ್ಲ. ಅದು ಪದಾರ್ಥದ ಬೆಲೆಯಲ್ಲಿ ಸೇರಿಕೊಂಡು, ಚೀಟಿ ಕತ್ತರಿಸದವರ ಕಿಸೆಯಿಂದಲೂ ಬರುತ್ತದೆ.

ಆದರೂ ಅಮೆರಿಕದ ಗೃಹಿಣಿಯರಿಂದ ಕಲಿಯಬೇಕಾದದ್ದು ಇಲ್ಲವೆಂದಲ್ಲ. ಚೀಟಿಯಿಂದ ನಿಜವಾಗಿ ಹಣ ಉಳಿಸಿದವರು ಶಿಸ್ತಿನ ಹೆಂಗಸರು. ಅವರು ಚೀಟಿಗಳನ್ನು ಪದಾರ್ಥವಾರು ವಿಂಗಡಿಸಿ ಲಕೋಟೆಗಳಲ್ಲಿ ಇಟ್ಟರು, ಮುಗಿಯುವ ದಿನಾಂಕವನ್ನು ನೋಡಿಕೊಂಡರು, ಅಂಗಡಿಯವನೇ ಬೆಲೆ ಇಳಿಸಿದ ವಾರ ಬರುವವರೆಗೆ ಕಾದರು, ಎರಡೂ ಕೂಡಿದ ದಿನ ಮಾತ್ರ ಕೊಂಡರು. 2010ರ ನಂತರ ಅಲ್ಲಿನ ಟೆಲಿವಿಷನ್ನಿನಲ್ಲಿ ಇಂಥವರ ಅತಿರೇಕಗಳನ್ನೇ ತೋರಿಸುವ ಕಾರ್ಯಕ್ರಮವೊಂದು ಪ್ರಸಿದ್ಧವಾಯಿತು. ಹಲ್ಲುಜ್ಜುವ ಪೇಸ್ಟಿನ ಗೋಡೆಯನ್ನೇ ನೆಲಮಾಳಿಗೆಯಲ್ಲಿ ಕಟ್ಟಿಕೊಂಡ ಮನೆಗಳನ್ನು ಜಗತ್ತು ನೋಡಿತು. ಒಂದು ಸಂಸಾರ ಹತ್ತು ವರ್ಷ ಹಲ್ಲುಜ್ಜಿದರೂ ಮುಗಿಯದ ಆ ರಾಶಿಯನ್ನು ಉಳಿತಾಯವೆಂದು ಕರೆಯುವುದು ಹೇಗೆ?

ಅದೇ ದೇಶದಲ್ಲಿ ಇನ್ನೊಂದು ಧಾರೆಯೂ ಇತ್ತು. ಮೇಯ್ನ್ ರಾಜ್ಯದ ಹಳ್ಳಿಯೊಂದರಲ್ಲಿ ವಾಸಿಸುತ್ತಿದ್ದ ಆಮಿ ಡಸಿಜಿನ್ ಎಂಬ ಗೃಹಿಣಿ 1990ರಿಂದ 1996ರವರೆಗೆ ಮಿತವ್ಯಯದ ಕುರಿತೇ ಒಂದು ಪುಟ್ಟ ವಾರ್ತಾಪತ್ರವನ್ನು ನಡೆಸಿದರು. ಕೂಪನ್ನಿಗಿಂತ ಮಿಗಿಲಾಗಿ ಆಕೆ ಒತ್ತಿ ಹೇಳಿದ್ದು ಬೆಲೆಯ ಪುಸ್ತಕವೊಂದನ್ನು ಇಡಬೇಕೆಂಬುದನ್ನು. ಮನೆಗೆ ಬೇಕಾದ ಪ್ರತಿ ಪದಾರ್ಥಕ್ಕೂ ಒಂದು ಪುಟ. ಯಾವ ಅಂಗಡಿಯಲ್ಲಿ, ಯಾವ ತಿಂಗಳಲ್ಲಿ, ಯಾವ ತೂಕಕ್ಕೆ ಎಷ್ಟು ಬೆಲೆ ಎಂಬ ದಾಖಲೆ. ಪುಸ್ತಕ ಕೈಯಲ್ಲಿದ್ದವರನ್ನು ‘ಭಾರಿ ರಿಯಾಯಿತಿ’ ಎಂಬ ಎರಡು ಪದಗಳು ಮರುಳು ಮಾಡಲಾರವು. ಪೊಟ್ಟಣದ ತಿನಿಸಿಗೆ ಸಿಗುವ ಕೂಪನ್ನಿಗಿಂತ ಬಿಡಿ ಧಾನ್ಯ ತಂದು ಮನೆಯಲ್ಲೇ ಅಡುಗೆ ಮಾಡುವುದು ಅನೇಕ ವೇಳೆ ಅಗ್ಗವೆಂಬುದನ್ನು ಆಕೆ ಲೆಕ್ಕವಿಟ್ಟೇ ತೋರಿಸಿದರು. ಬೇಳೆಗೆ, ಅಕ್ಕಿಗೆ, ಹುಣಸೆಹಣ್ಣಿಗೆ ಯಾರೂ ಕೂಪನ್ ಅಚ್ಚು ಹಾಕುವುದು ವಿರಳ ಎಂಬುದು ಇಲ್ಲಿಯೂ ಕಣ್ಣಿಗೆ ಕಾಣುವ ಸತ್ಯ. ಚೀಟಿಗಳೆಲ್ಲ ಬಿಸ್ಕತ್ತಿಗೆ, ನೂಡಲ್ಸಿಗೆ, ಸಾಬೂನಿನ ಪುಡಿಗೆ, ತಂಪು ಪಾನೀಯಕ್ಕೆ.

ಭಾರತದ ಹಳ್ಳಿಗಳಿಗೆ ಕೂಪನ್ ಬಂದದ್ದು ಕಾಗದದ ರೂಪದಲ್ಲಿಯೇ ಆಗಿರಬೇಕಾಗಿರಲಿಲ್ಲ. ತಮಿಳುನಾಡಿನ ಕಡಲೂರಿನ ಸಿ. ಕೆ. ರಂಗನಾಥನ್ 1983ರಲ್ಲಿ ಆರಂಭಿಸಿದ ಉದ್ಯಮದ ಚಿಕ್ ಶಾಂಪೂವಿನ ಕಥೆ ವ್ಯಾಪಾರ ಶಿಕ್ಷಣದ ತರಗತಿಗಳಲ್ಲಿ ಇಂದಿಗೂ ಪಾಠವಾಗಿದೆ. ಯಾವುದೇ ಕಂಪನಿಯ ಕೆಲವು ಖಾಲಿ ಶಾಂಪೂ ಪೊಟ್ಟಣಗಳನ್ನು ಅಂಗಡಿಗೆ ಮರಳಿಸಿದವರಿಗೆ ಚಿಕ್ ಪೊಟ್ಟಣವೊಂದು ಉಚಿತ ಎಂದು ಅವರು ಸಾರಿದರು. ಜನ ಆ ರುಚಿಗೆ ಒಗ್ಗಿದ ಮೇಲೆ ಚಿಕ್‌ನ ಖಾಲಿ ಪೊಟ್ಟಣಗಳಿಗೆ ಮಾತ್ರ ಆ ಸೌಲಭ್ಯ ಎಂದು ನಿಯಮವನ್ನು ಬದಲಿಸಿದರು. ಮಾರಾಟ ಹಲವು ಪಟ್ಟು ಏರಿತು. ಇದರಲ್ಲಿ ಕುತಂತ್ರವನ್ನು ಹುಡುಕುವ ಅಗತ್ಯವಿಲ್ಲ. ಬಡವರ ಕೈಗೆಟಕುವ ಬೆಲೆಯಲ್ಲಿ ಒಂದು ಸವಲತ್ತನ್ನು ತಲುಪಿಸಿದ ಜಾಣ್ಮೆ ಅದು. ಆದರೆ ಪರಿಸರದ ದೃಷ್ಟಿಯಿಂದ ಆ ಯೋಜನೆಯಲ್ಲಿ ಒಂದು ವಿಸ್ಮಯವಿದೆ. ಅದು ನಡೆದಷ್ಟು ದಿನ ಖಾಲಿ ಪೊಟ್ಟಣಕ್ಕೆ ಬೆಲೆ ಇತ್ತು. ಹುಡುಗರು ಅದನ್ನು ಹಳ್ಳದ ದಂಡೆಯಿಂದಲೂ ಆರಿಸಿ ತರುವಷ್ಟು ಬೆಲೆ. ಗಿರಾಕಿ ಖಾಯಂ ಆದ ಮೇಲೆ ಅಂಥ ಕೊಡುಗೆಗಳ ಕೆಲಸ ಮುಗಿಯುತ್ತದೆ. ಪೊಟ್ಟಣ ಮಾತ್ರ ಉಳಿಯುತ್ತದೆ.

ಆ ಉಳಿಕೆಯ ಲೆಕ್ಕ ಹೀಗಿದೆ. ಒಂದು ಮನೆ ದಿನಕ್ಕೆ ಎರಡೇ ಸಣ್ಣ ಪೊಟ್ಟಣ ಬಿಡಿಸುತ್ತದೆ ಎಂದಿಟ್ಟುಕೊಂಡರೂ ವರ್ಷಕ್ಕೆ 730. ನೂರು ಮನೆಯ ಗ್ರಾಮದಲ್ಲಿ 73,000. ಹಲವು ಪದರಗಳನ್ನು ಅಂಟಿಸಿ ಮಾಡಿದ ಈ ಹಾಳೆಯನ್ನು ಗುಜರಿಯವನು ಮುಟ್ಟುವುದಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಇದನ್ನು ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೂ ಹೊರಿಸಿವೆ. ಆದರೆ ಘಟ್ಟದ ತಿರುವುಗಳನ್ನು ಹತ್ತಿ ಖಾಲಿ ಪೊಟ್ಟಣವನ್ನು ಒಯ್ಯಲು ಬರುವ ವಾಹನವನ್ನು ಕಂಡ ಗ್ರಾಮಗಳು ವಿರಳ. ಒಂದೋ ಅದು ಬಚ್ಚಲ ಒಲೆಗೆ ಸೇರಿ ಹೊಗೆಯಾಗುತ್ತದೆ, ಇಲ್ಲವೇ ಆರಿದ್ರಾ ಮಳೆಯ ಮೊದಲ ಕೆಂಪು ನೀರಿನೊಡನೆ ಹಳ್ಳ ಸೇರಿ, ಕೆಳಗಿನ ಗದ್ದೆಯ ತೂಬಿಗೆ ಕಟ್ಟಿಕೊಳ್ಳುತ್ತದೆ. ಕೊಂಡವರ ಲೆಕ್ಕದ ಪುಸ್ತಕದಲ್ಲಿ ಉಳಿತಾಯವೆಂದು ಬರೆದದ್ದು ಕೆಳಗಿನ ಗದ್ದೆಯವರ ಪಾಲಿಗೆ ಖರ್ಚು.

ಸಣ್ಣ ಪೊಟ್ಟಣವೇ ಅಗ್ಗ, ದೊಡ್ಡದು ದುಬಾರಿ ಎಂಬ ವಿಚಿತ್ರವೂ ಇದೆ. ಶಾಂಪೂವಿನ ಮಟ್ಟಿಗೆ ಈ ದೇಶದಲ್ಲಿ ಅನೇಕ ವೇಳೆ ಅದು ನಿಜ. ಬಾಟಲಿಯ ಮಿಲಿ ಲೀಟರಿಗಿಂತ ಪೊಟ್ಟಣದ ಮಿಲಿ ಲೀಟರ್ ಅಗ್ಗಕ್ಕೆ ಸಿಗುತ್ತದೆ. ಎಣ್ಣೆ, ಚಹಾಪುಡಿ, ಸಾಬೂನಿನ ಪುಡಿಗಳಲ್ಲಿ ಹಾಗೆಂದು ಹೇಳಲಾಗದು. ಒಂದೊಂದಕ್ಕೂ ನೋಡಿಯೇ ತಿಳಿಯಬೇಕು. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಪ್ರತಿ ಗ್ರಾಂ ಅಥವಾ ಪ್ರತಿ ಮಿಲಿ ಲೀಟರಿನ ಬೆಲೆಯನ್ನೂ ಮುದ್ರಿಸಬೇಕೆಂದು 2011ರ ಪೊಟ್ಟಣ ಪದಾರ್ಥಗಳ ನಿಯಮಗಳಿಗೆ 2021ರಲ್ಲಿ ತಿದ್ದುಪಡಿ ತರಲಾಯಿತು. ಅಕ್ಷರ ಬಲು ಚಿಕ್ಕದು. ಮನೆಯ ಹಿರಿಯರಿಗೆ ಅದು ಕಾಣಿಸದು. ಕಾಲೇಜಿಗೆ ಹೋಗುವ ಮಕ್ಕಳು ಓದಿ ಹೇಳಬಲ್ಲರು. ಒಂದು ಲೀಟರ್ ಎಂದುಕೊಂಡು ಕೊಂಡ ಎಣ್ಣೆಯ ಪೊಟ್ಟಣದಲ್ಲಿ ಅದಕ್ಕಿಂತ ಕಡಿಮೆ ಇದ್ದುದು ಆಗ ತಿಳಿಯುತ್ತದೆ.

ಚೀಟಿಯ ಉಳಿತಾಯವನ್ನೂ ಅಂಥದೇ ಕಣ್ಣಿನಿಂದ ನೋಡಬೇಕು. ಒಂದು ಮನೆಗೆ ಆ ವಾರ ನಿಜಕ್ಕೂ ಬೇಕಾದದ್ದು 820 ರೂಪಾಯಿಯ ದಿನಸಿ ಎಂದಿರಲಿ. ಕೈಯಲ್ಲಿರುವ ಚೀಟಿ 1,500 ರೂಪಾಯಿಯ ಖರೀದಿಗೆ 100 ರೂಪಾಯಿ ಬಿಡುತ್ತದೆ. ಚೀಟಿ ವ್ಯರ್ಥವಾಗಬಾರದೆಂದು ಮನೆಯವರು ಇನ್ನೂ 680 ರೂಪಾಯಿಯ ಸಾಮಾನನ್ನು ಬುಟ್ಟಿಗೆ ಹಾಕುತ್ತಾರೆ. ಕೊನೆಗೆ ಕೊಡುವುದು 1,400. ರಸೀದಿಯ ಅಡಿಯಲ್ಲಿ ‘ನೀವು ಉಳಿಸಿದ್ದು 100’ ಎಂದು ಅಚ್ಚಾಗಿರುತ್ತದೆ; ಮನೆಯಿಂದ ಹೆಚ್ಚಾಗಿ ಹೋದದ್ದು 580 ಎಂಬುದನ್ನು ಯಾವ ರಸೀದಿಯೂ ಹೇಳುವುದಿಲ್ಲ. ಹೆಚ್ಚಿಗೆ ತಂದದ್ದರಲ್ಲಿ ಮೈಸಾಬೂನು ಇದ್ದರೆ ಅದು ಮುಂದಿನ ತಿಂಗಳಿಗೆ ಆದೀತು, ಅಷ್ಟನ್ನು ಒಪ್ಪಲೇಬೇಕು. ಕುರುಕಲು ತಿಂಡಿಯ ಪೊಟ್ಟಣಗಳು ಬಸ್ಸಿನಲ್ಲಿಯೇ ಮುಗಿದಿರುತ್ತವೆ. ಬಸ್ಸಿನ ಮಾತು ಬಂದಾಗ ಇನ್ನೊಂದು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಮಲೆನಾಡಿನ ಬಹಳಷ್ಟು ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ನೂರು ರೂಪಾಯಿಯ ಚೀಟಿಗಾಗಿ ಪೇಟೆಗೆ ಹೋಗಿಬರುವ ಟಿಕೇಟಿನ ಹಣವನ್ನು, ಕಳೆದುಕೊಂಡ ಅರ್ಧ ದಿನದ ಕೂಲಿಯನ್ನು ಲೆಕ್ಕದಲ್ಲಿ ಹಿಡಿಯದೆ ನಿರ್ವಾಹವಿಲ್ಲ.

ಹಾಗಾದರೆ ಮಲೆನಾಡಿಗೆ ಸ್ವಂತದ್ದೆಂಬ ದಾರಿ ಇಲ್ಲವೇ? ಇದೆ, ಮತ್ತು ಅದು ಹೊಸದೇನೂ ಅಲ್ಲ. ಮಳೆಗಾಲದ ದಾಸ್ತಾನು ಎಂಬುದೊಂದು ಶಾಸ್ತ್ರವೇ ಈ ಭಾಗದಲ್ಲಿತ್ತು. ರೋಹಿಣಿ ಮಳೆಗೆ ಮುನ್ನ ಅಟ್ಟದ ಮೇಲೆ ಏನಿರಬೇಕು, ಭರಣಿಯಲ್ಲಿ ಏನಿರಬೇಕು, ಹೊಗೆ ತಾಗುವಲ್ಲಿ ಏನನ್ನು ತೂಗುಹಾಕಬೇಕು ಎಂಬುದು ಮನೆಯ ಯಜಮಾನಿತಿಗೆ ಬಾಯಿಪಾಠ. ಹಳ್ಳ ಏರಿ ಸಂಕ ಕೊಚ್ಚಿಹೋದರೆ ಮೂರು ತಿಂಗಳು ಪೇಟೆಯ ಮುಖ ಕಾಣದೆ ಬಾಳಬೇಕಾದ ಕಾಲದಲ್ಲಿ ಆ ಪಟ್ಟಿ ತಪ್ಪುವಂತಿರಲಿಲ್ಲ. ಹಪ್ಪಳ, ಸಂಡಿಗೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಅಪ್ಪೆಮಿಡಿ, ಒಣಗಿಸಿದ ವಾಟೆಹುಳಿ, ಮುರುಗಲ ಸಿಪ್ಪೆ, ಜೋನಿಬೆಲ್ಲ. ಕೊಂಡು ತರುವ ಬೇಳೆ, ಮೆಣಸು, ಉಪ್ಪು. ಸ್ನಾನಕ್ಕೆ ಸೀಗೆ ಮತ್ತು ಅಂಟುವಾಳ. ರಸ್ತೆ ಸುಧಾರಿಸಿದಂತೆ ಪಟ್ಟಿ ಮರೆಯಿತು, ಅಟ್ಟ ಖಾಲಿಯಾಯಿತು, ಬೇಕಾದಾಗ ತಂದರಾಯಿತು ಎಂಬ ನಿರಾಳ ಬಂತು. ಈ ನಿರಾಳಕ್ಕೆ ಬೆಲೆ ಇದೆ: ಪದಾರ್ಥವೊಂದು ವರ್ಷದಲ್ಲಿ ಅತ್ಯಂತ ದುಬಾರಿಯಾಗಿರುವ ತಿಂಗಳಲ್ಲಿಯೂ ಅದನ್ನೇ ಕೊಳ್ಳಬೇಕಾಗುತ್ತದೆ.

ಏಕೆಂದರೆ ದಿನಸಿಗೂ ಒಂದು ಋತುಚಕ್ರವಿದೆ. ಕಲಬುರಗಿ ಸೀಮೆಯ ಹೊಸ ತೊಗರಿ ಡಿಸೆಂಬರಿನ ಕೊನೆಯಿಂದ ಮಾರುಕಟ್ಟೆಗೆ ಬರತೊಡಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿಯ ಆವಕ ಜನವರಿಯಿಂದ ಏಪ್ರಿಲ್ ತನಕ ಜೋರು. ಬೆಲ್ಲಕ್ಕೆ ಆಲೆಮನೆಯ ಕಾಲ, ಹುಣಸೆಗೆ ಮಾಘ–ಫಾಲ್ಗುಣ, ಕೊತ್ತಂಬರಿ ಬೀಜಕ್ಕೂ ಹೆಚ್ಚುಕಡಿಮೆ ಅದೇ ಹೊತ್ತು. ಸುಗ್ಗಿಯಲ್ಲಿ ಬೆಲೆ ಇಳಿಯುವುದು, ಮಳೆಗಾಲ ಕಳೆದು ಹಬ್ಬಗಳ ಸಾಲಿನಲ್ಲಿ ಏರುವುದು ಸಾಮಾನ್ಯ ರೂಢಿ. ಬರಗಾಲದ ವರ್ಷ, ಆಮದಿನ ವರ್ಷ ಇದು ತಲೆಕೆಳಗಾಗುವುದೂ ಉಂಟು. ಕೂಪನ್ನಿನ ದಿನಾಂಕವನ್ನು ಕಂಪನಿ ಗೊತ್ತುಮಾಡುತ್ತದೆ. ಸುಗ್ಗಿಯ ದಿನಾಂಕವನ್ನು ಯಾವ ಕಂಪನಿಯೂ ಗೊತ್ತುಮಾಡಲಾರದು. ಫೆಬ್ರವರಿ–ಮಾರ್ಚಿಯಲ್ಲಿ ತಂದ ಬೇಳೆಯನ್ನು ಬಿಸಿಲಿಗೆ ಹರವಿ, ಹರಳೆಣ್ಣೆಯ ಕೈಯಾಡಿಸಿ, ಒಣ ಬೇವಿನೆಲೆಯೊಡನೆ ಡಬ್ಬಿ ತುಂಬಿದರೆ ಹುಳು ಬೀಳದು. ಮಲೆನಾಡಿನ ತೇವಕ್ಕೆ ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು, ತೆಗೆಯುವ ಸೌಟು ಒಣಗಿರಬೇಕು ಎಂಬುದಷ್ಟೇ ಕಟ್ಟುಪಾಡು. ಇದನ್ನು ಅರಿಯದೆ ಮೂಟೆಗಟ್ಟಲೆ ತಂದು ಬೂಸಲು ಹಿಡಿಸಿದರೆ ಉಳಿತಾಯ ಗೊಬ್ಬರಗುಂಡಿಗೆ ಹೋಗುತ್ತದೆ. ಹಾಗೆ ಹೋದ ನಿದರ್ಶನಗಳೂ ಇವೆ.

ಆದರೆ ಮಾರ್ಚಿಯಲ್ಲಿ ಒಂದು ವರ್ಷದ ಬೇಳೆ ತರಲು ಕೈಯಲ್ಲಿ ಹಣವಿರುವವರು ಯಾರು? ಸಮಸ್ಯೆಯ ಗಂಟು ಇಲ್ಲಿದೆ. ತೋಟದ ಮನೆಗೆ ಅಡಿಕೆ ಮಾರಿದ ಹಣ ಆ ಹೊತ್ತಿಗೆ ಬಂದಿರುತ್ತದೆ. ದಿನಗೂಲಿಯ ಮನೆ ಸಂಜೆಯ ಕೂಲಿಯಲ್ಲಿ ಅಂದಿನ ರಾತ್ರಿಯ ಅಡುಗೆಗೆ ಬೇಕಾದಷ್ಟನ್ನು ಮಾತ್ರ ತರಬಲ್ಲದು. ಹತ್ತು ರೂಪಾಯಿಯ ಪೊಟ್ಟಣ ಅವರ ಆಯ್ಕೆಯಾಗಿರದೆ ಅನಿವಾರ್ಯವಾಗಿದೆ. ಸಾವಿರ ರೂಪಾಯಿಗೆ ವಿನಾಯಿತಿ ಕೊಡುವ ಚೀಟಿ ಆ ಮನೆಯ ಬಾಗಿಲಿಗೆ ಬಂದರೂ ಒಳಗೆ ಬರಲಾರದು. ಸಂಘಟನೆ ಎಂಬ ಮಾತಿಗೆ ಅರ್ಥ ಬರುವುದು ಈ ಹಂತದಲ್ಲಿಯೇ. ಒಂಟಿ ಮನೆ ಎಷ್ಟೇ ಅಚ್ಚುಕಟ್ಟಾಗಿ ಚೀಟಿ ಜೋಡಿಸಿಟ್ಟರೂ ಮಾರುವವನ ಷರತ್ತಿಗೆ ಒಳಪಟ್ಟಿರುತ್ತದೆ. ಹತ್ತು ಮನೆ ಒಂದು ಪಟ್ಟಿ ಬರೆದರೆ ಷರತ್ತಿನ ಮಾತನ್ನು ಪಟ್ಟಿಯವರೇ ಎತ್ತಬಹುದು.

ಇದು ಜಗತ್ತು ಕಂಡ ದಾರಿ. 1844ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ 28 ಮಂದಿ, ಅವರಲ್ಲಿ ಅನೇಕರು ನೇಕಾರರು, ತಲಾ ಒಂದು ಪೌಂಡ್ ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು ಮಾರುವ ಅಂಗಡಿ ತೆರೆದರು. ಕಲಬೆರಕೆ ಇಲ್ಲ, ಸುಳ್ಳು ತೂಕವಿಲ್ಲ. ವರ್ಷದ ಲಾಭವನ್ನು ಯಾರು ಎಷ್ಟು ಕೊಂಡರೋ ಅಷ್ಟರ ಪ್ರಮಾಣದಲ್ಲಿ ಹಿಂದಿರುಗಿಸುವುದು. ಕೊಂಡವರಿಗೆ ಮರಳುವ ಆ ಪಾಲಿಗೂ ಕೂಪನ್ನಿಗೂ ಇರುವ ಅಂತರವನ್ನು ವಿದ್ಯಾರ್ಥಿಗಳು ಯೋಚಿಸಿ ನೋಡಬಹುದು. ಕರ್ನಾಟಕದಲ್ಲಿ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ. ಅದು ಸಾಲದ ಸಂಘ. ಅಡಿಕೆ ಮಾರಲು ಸಂಘ ಕಟ್ಟಿ ಯಶಸ್ವಿಯಾದ ಮಲೆನಾಡಿಗರು ಅಡುಗೆಮನೆಗೆ ಕೊಳ್ಳುವಾಗ ಮಾತ್ರ ಒಬ್ಬೊಬ್ಬರೇ ಪೇಟೆಗೆ ಹೊರಡುವುದು ಸೋಜಿಗ.

ಜಪಾನಿನ ಸೇಕಾತ್ಸು ಕ್ಲಬ್ಬಿನ ವೃತ್ತಾಂತ ಈ ವಿಷಯಕ್ಕೆ ಇನ್ನೂ ಹತ್ತಿರದ್ದು. 1965ರಲ್ಲಿ ಟೋಕಿಯೊದ ಸೆಟಗಾಯ ಭಾಗದ ಗೃಹಿಣಿಯರು ಹಾಲಿನ ಬೆಲೆ ತಾಳಲಾರದೆ ಕೂಡಿ ಸುಮಾರು 300 ಬಾಟಲಿ ಹಾಲನ್ನು ಒಟ್ಟಿಗೆ ತರಿಸತೊಡಗಿದರು. ಉದ್ದೇಶ ಅಗ್ಗದ ಹಾಲು, ಅಷ್ಟೇ. ನೆರೆಹೊರೆಯ ಏಳೆಂಟು ಹತ್ತು ಮನೆಗಳದೊಂದು ಗುಂಪು. ಗುಂಪು ಮುಂಗಡವಾಗಿ ಬೇಡಿಕೆ ಬರೆದು ಕೊಡುವುದು. ಬಂದದ್ದನ್ನು ತಾವೇ ಹಂಚಿಕೊಳ್ಳುವುದು. ಎಷ್ಟು ಬೇಕೆಂಬುದು ಮೊದಲೇ ತಿಳಿದುದರಿಂದ ರೈತನಿಗೂ ನಷ್ಟವಿಲ್ಲ, ಕೊಳೆತು ಹೋಗುವುದೂ ಇಲ್ಲ. ಹತ್ತು ಬಗೆಯ ಸಾಸ್ ಇಡದೆ ಒಂದೇ ಬಗೆ, ಚೆನ್ನಾಗಿರುವುದು. ಕೊಂಡದ್ದು ಏನು, ಅದರಲ್ಲಿ ಏನಿದೆ ಎಂದು ಕೇಳುತ್ತ ಕೇಳುತ್ತ ಆ ಹೆಂಗಸರು ಕೀಟನಾಶಕದ ಪ್ರಶ್ನೆಗೆ ಬಂದರು, ನದಿಯಲ್ಲಿ ನೊರೆ ಎಬ್ಬಿಸುವ ಡಿಟರ್ಜೆಂಟ್ ಬಿಟ್ಟು ಸಾಬೂನಿನ ಪುಡಿಗೆ ಬಂದರು, ತೊಳೆದು ಮರಳಿಸುವ ಗಾಜಿನ ಬಾಟಲಿಗಳಿಗೆ ಬಂದರು. ಕೊನೆಗೆ ತಮ್ಮವರನ್ನೇ ಸ್ಥಳೀಯ ಸಭೆಗಳಿಗೆ ಚುನಾಯಿಸಿ ಕಳುಹಿಸಿದರು. 1989ರಲ್ಲಿ ಆ ಸಂಸ್ಥೆಗೆ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಸಂದಿತು. ಹಾಲಿನ ಬಾಟಲಿಯಿಂದ ಆರಂಭವಾದ ಚೌಕಾಸಿ ಅಷ್ಟು ದೂರ ನಡೆಯಿತು.

ಮಲೆನಾಡಿನ ಕೇರಿಯೊಂದರಲ್ಲಿ ಇದನ್ನು ಮಾಡಲು ಕಚೇರಿಯೂ ಬೇಡ, ಫಲಕವೂ ಬೇಡ. 2000–01ರಿಂದ ರಾಜ್ಯದಲ್ಲಿ ಹಬ್ಬಿದ ಸ್ತ್ರೀಶಕ್ತಿ ಸಂಘಗಳು ವಾರದ ಉಳಿತಾಯದ ಪುಸ್ತಕವನ್ನು ಇಟ್ಟು ಅಭ್ಯಾಸವುಳ್ಳವು. ಆ ಉಳಿತಾಯದ ಹಣದಿಂದಲೇ ಸುಗ್ಗಿಯಲ್ಲಿ ಬೇಳೆಯ ಮೂಟೆ, ಎಣ್ಣೆಯ ಡಬ್ಬ ತರಿಸಿ, ಕೂಲಿ ಮನೆಯ ಸದಸ್ಯೆ ತನ್ನ ಪಾಲನ್ನು ವಾರವಾರ ಒಯ್ದು ವಾರವಾರ ತೀರಿಸುವಂತಾದರೆ ಹತ್ತು ರೂಪಾಯಿಯ ಪೊಟ್ಟಣದ ಅನಿವಾರ್ಯ ಸ್ವಲ್ಪವಾದರೂ ಸಡಿಲಾದೀತು. ಕಿಲೋಗೆ ಹತ್ತು ರೂಪಾಯಿಯ ಅಂತರ ಸಿಕ್ಕಿ, ತಿಂಗಳಿಗೆ ಮೂರು ಕಿಲೋ ಬೇಳೆ ಬೇಯುವ ಮನೆಗೆ ವರ್ಷಕ್ಕೆ 360 ರೂಪಾಯಿ ಉಳಿಯುತ್ತದೆ. ದೊಡ್ಡ ಮೊತ್ತವಲ್ಲ, ಆದರೆ ಇದು ಒಂದೇ ಪದಾರ್ಥದ್ದು, ಮತ್ತು ಇದಕ್ಕಾಗಿ ಬೇಡದ ಯಾವ ವಸ್ತುವನ್ನೂ ಕೊಳ್ಳಬೇಕಾಗಿ ಬರಲಿಲ್ಲ. ಬಟ್ಟೆಯ ಚೀಲ ಮತ್ತು ಮನೆಯ ಡಬ್ಬಿಗಳೊಡನೆ ಹಂಚಿಕೆ ನಡೆದರೆ ಅಷ್ಟೂ ಪೊಟ್ಟಣಗಳು ಹುಟ್ಟುವುದೇ ಇಲ್ಲ.

ತೊಡಕುಗಳನ್ನು ಮುಚ್ಚಿಡಬೇಕಾಗಿಲ್ಲ. ತೂಕದಲ್ಲಿ ಜಗಳ ಬರುತ್ತದೆ. ಮೂಟೆಯ ತಳದಲ್ಲಿ ಪುಡಿ ಉಳಿದಾಗ ಅದು ಯಾರ ಪಾಲಿಗೆ ಎಂಬ ಪ್ರಶ್ನೆ ಬರುತ್ತದೆ. ಯಾರ ಮನೆಯ ಜಗಲಿಯಲ್ಲಿ ಹಂಚಿಕೆ ನಡೆಯಬೇಕು, ಆ ಜಗಲಿಯನ್ನು ಎಲ್ಲರೂ ಹತ್ತಬಹುದೇ ಎಂಬ ಹಳೆಯ ಪ್ರಶ್ನೆಯೂ ಎದ್ದು ನಿಂತೀತು. ಶಾಲೆಯ ಅಥವಾ ಅಂಗನವಾಡಿಯ ಅಂಗಳ ಅದಕ್ಕಿಂತ ಮೇಲು. ಊರಿನ ಜೀನಸು ಅಂಗಡಿಯವನ ಸಂಗತಿ ಎಲ್ಲಕ್ಕಿಂತ ಸೂಕ್ಷ್ಮ. ಆಟಿ ತಿಂಗಳ ಜಡಿಮಳೆಯಲ್ಲಿ ಕೆಲಸವಿಲ್ಲದಾಗ ಉದ್ರಿ ಬರೆದುಕೊಂಡು ಅಕ್ಕಿ ಕೊಟ್ಟವನು ಅವನೇ ಹೊರತು ಪೇಟೆಯ ಹವಾನಿಯಂತ್ರಿತ ಮಳಿಗೆಯಲ್ಲ. ಅವನನ್ನು ಬಿಟ್ಟು ಖರೀದಿ ಮಾಡುವುದಕ್ಕಿಂತ ಹತ್ತು ಮನೆಯ ಪಟ್ಟಿಯನ್ನು ಅವನ ಕೈಗೇ ಕೊಟ್ಟು, ಸಗಟು ಬೆಲೆಯ ಮೇಲೆ ಇಂತಿಷ್ಟು ಎಂದು ಮಾತಾಡಿಕೊಳ್ಳುವುದು ಲೇಸು. ಮುಂಗಡ ಹಣ ಮತ್ತು ಖಚಿತ ಗಿರಾಕಿ ಎರಡೂ ಸಿಕ್ಕರೆ ಅವನೂ ಬಗ್ಗಿಯಾನು. ಸಹಕಾರವೆಂದ ಮಾತ್ರಕ್ಕೆ ಎಲ್ಲವೂ ಬಾಳುವುದಿಲ್ಲ ಎಂಬುದಕ್ಕೆ ಈ ಸೀಮೆಯಲ್ಲಿಯೇ ಸಾಕ್ಷಿ ಇದೆ. ಕೊಪ್ಪದ ಕಾರ್ಮಿಕರು 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ದೇಶವೇ ಹೊರಳಿ ನೋಡುವಂತೆ ಬೆಳೆದು, ಮೂರು ದಶಕ ತುಂಬುವ ಮುನ್ನವೇ, ನಷ್ಟದ ಭಾರ ತಾಳಲಾರದೆ 2020ರಲ್ಲಿ ಓಟ ನಿಲ್ಲಿಸಿತು. ಸಣ್ಣದಾಗಿ ಆರಂಭಿಸಿ ಸಣ್ಣದಾಗಿಯೇ ಉಳಿಯುವುದರಲ್ಲಿ ತಪ್ಪಿಲ್ಲ.

ಕೂಪನ್ನನ್ನು ಬೆಂಕಿಗೆ ಹಾಕಬೇಕೆಂದು ಇದರ ತಾತ್ಪರ್ಯವಲ್ಲ. ಪಟ್ಟಿಯಲ್ಲಿ ಮೊದಲೇ ಬರೆದ ಪದಾರ್ಥಕ್ಕೆ ಚೀಟಿ ಸಿಕ್ಕಿದರೆ, ಬೆಲೆಯ ಪುಸ್ತಕದಲ್ಲಿರುವ ದರಕ್ಕಿಂತ ಅದು ಕೆಳಗಿದ್ದರೆ, ಪೇಟೆಗೆ ಹೇಗಿದ್ದರೂ ಹೋಗಬೇಕಾದ ದಿನವೇ ಅದು ನಡೆಯುವುದಿದ್ದರೆ ಧಾರಾಳವಾಗಿ ಬಳಸಬಹುದು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ಕಂಪನಿ ಕೊಟ್ಟ ಊಟದ ಕೂಪನ್ನುಗಳಿಂದ ದಿನಸಿ ಕೊಂಡು ಹಬ್ಬಕ್ಕೆ ಊರಿಗೆ ತಂದ ದಿನಗಳಿದ್ದವು. ಅದು ದುಡಿಮೆಯ ಭಾಗವೇ ಆಗಿತ್ತು, ಆಮಿಷವಾಗಿರಲಿಲ್ಲ.

ಗುಡ್ಡಗಾಡಿಗೆ ನಿಜವಾಗಿ ಬೇಕಾದ ಚೀಟಿಯೊಂದರ ಮಾದರಿ ನೆರೆಯ ನೀಲಗಿರಿಯಲ್ಲಿದೆ. ಕಾಡಿನಲ್ಲಿ ಒಡೆದ ಮದ್ಯದ ಬಾಟಲಿಗಳು ಆನೆಗಳ ಕಾಲಿಗೆ ಚುಚ್ಚುವುದನ್ನು ಮದ್ರಾಸ್ ಹೈಕೋರ್ಟ್ ಗಂಭೀರವಾಗಿ ಪರಿಗಣಿಸಿದ ಮೇಲೆ, 2022ರ ಮೇ ತಿಂಗಳಿನಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ಮರಳಿಸಿದವರಿಗೆ ಆ ಹಣವನ್ನು ಹಿಂದಿರುಗಿಸತೊಡಗಿದವು. ಬಹುಪಾಲು ಬಾಟಲಿಗಳು ಮರಳಿ ಬಂದವು. ಮದ್ಯದ ಬಾಟಲಿಗೆ ಸಾಧ್ಯವಾದದ್ದು ಎಣ್ಣೆಯ ಪೊಟ್ಟಣಕ್ಕೆ, ಸಾಬೂನಿನ ಪುಡಿಯ ಚೀಲಕ್ಕೆ ಏಕೆ ಸಾಧ್ಯವಾಗಬಾರದು? ಚಿಕ್ ಪೊಟ್ಟಣದ ಕಾಲದಲ್ಲಿ ಮಾರಾಟ ಹೆಚ್ಚಿಸಲು ಕಂಪನಿಗಳು ಖಾಲಿ ಚೀಲವನ್ನು ಸ್ವಂತ ಇಚ್ಛೆಯಿಂದ ಎಣಿಸಿ ತೆಗೆದುಕೊಂಡಿದ್ದವು. ಗ್ರಾಮಸಭೆಗಳು ಈ ಒತ್ತಾಯವನ್ನು ಠರಾವಿನ ರೂಪದಲ್ಲಿ ತಾಲೂಕು ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳುಹಿಸುವುದು ಯುಕ್ತ.

ಅದಕ್ಕಿಂತ ಮೊದಲು ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಪ್ರೌಢಶಾಲೆ ಮತ್ತು ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಸಂತೆ, ಜೀನಸು ಅಂಗಡಿ, ಪೇಟೆಯ ಮಳಿಗೆ ಮೂರರಲ್ಲಿಯೂ ಹತ್ತು ಪದಾರ್ಥಗಳ ಬೆಲೆಯನ್ನು ತಿಂಗಳಿಗೊಮ್ಮೆ ಒಂದು ನೋಟುಪುಸ್ತಕದಲ್ಲಿ ಬರೆದಿಡಬಹುದು: ತೊಗರಿಬೇಳೆ, ಉದ್ದಿನಬೇಳೆ, ಹೆಸರುಕಾಳು, ಸಕ್ಕರೆ, ಬೆಲ್ಲ, ಎಣ್ಣೆ, ಒಣಮೆಣಸು, ಕೊತ್ತಂಬರಿ, ಚಹಾಪುಡಿ, ಬಟ್ಟೆಸಾಬೂನು. ಪ್ರತಿ ಬೆಲೆಯ ಪಕ್ಕದಲ್ಲಿ ಅದು ಬಿಡಿಯೋ ಪೊಟ್ಟಣದ್ದೋ ಎಂಬುದನ್ನೂ ನಮೂದಿಸಬೇಕು. ಹೊಸ ತೊಗರಿ ಬರುವ ಹೊತ್ತಿಗೆ ಆ ಪುಸ್ತಕದಲ್ಲಿ ನಾಲ್ಕಾರು ತಿಂಗಳ ಲೆಕ್ಕವಾದರೂ ಸಿದ್ಧವಿದ್ದರೆ, ಕೇರಿಯ ಹತ್ತು ಮನೆಯವರು ಒಂದು ಸಂಜೆ ಕುಳಿತು ಮೊದಲ ಮೂಟೆಯ ಮಾತಾಡಬಹುದು.